ಸುಂದರಿಯೋ ಹಠಮಾರಿಯೋ: ನಮ್ಮ ಸಂಚಿಕೆಯ ತಂತ್ರಾಂಶ

ಅಧ್ಯಕ್ಷ ಸ್ಥಾನದಲ್ಲಿ ಕುಳಿತು ಆಗಲೇ ಗಡಿಯಾರ ನೋಡುತ್ತಿರುವ ಮುಖ್ಯೋಪಾಧ್ಯಾಯಿನಿಯವರೇ, ವೇದಿಕೆಯ ಮೇಲಿನ ಅತಿಥಿಗಳೇ, ನನ್ನ ಸಹೋದ್ಯೋಗಿಗಳೇ, ತಂದೆ ತಾಯಂದಿರೇ, ಸಂಚಿಕೆ ಯಾವಾಗ ಹಂಚುತ್ತಾರೆ ಎಂದು ಹಿಂದಿನ ಸಾಲಿನಿಂದ ಕುತ್ತಿಗೆ ಚಾಚುತ್ತಿರುವ ಮಕ್ಕಳೇ, ಸಭಿಕರೇ,

ಈ ವರ್ಷದ ಶಾಲಾ ಸಂಚಿಕೆಯ ಪುಟಗಳನ್ನು ಜೋಡಿಸಲು ಯಾವ ತಂತ್ರಾಂಶ ಆರಿಸಿದೆವು, ಏಕೆ ಆರಿಸಿದೆವು ಎಂದು ಎರಡು ಮಾತು ಹೇಳಲು ನನಗೆ ಅಪ್ಪಣೆಯಾಗಿದೆ. ಎರಡೇ ಮಾತು ಎಂದು ಮೇಡಂ ಒತ್ತಿ ಹೇಳಿದ್ದಾರೆ. ಚಳವಳಿಯಲ್ಲಿ ಬೆಳೆದವನ ಕೈಗೆ ಮೈಕು ಕೊಟ್ಟು ಎರಡೇ ಮಾತು ಎನ್ನುವುದು, ಹಸಿದವನ ಮುಂದೆ ತಟ್ಟೆ ಇಟ್ಟು ಎರಡೇ ತುತ್ತು ಎಂದಂತೆ.

ನಾನು ಸಮಾಜ ಪಾಠ ಹೇಳುವವನು. ಕಂಪ್ಯೂಟರಿನ ವಿಷಯದಲ್ಲಿ ನನಗೆ ಬರುವುದು ಅದನ್ನು ಬೈಯುವುದಷ್ಟೇ. ಆದರೂ ಸಂಚಿಕೆಯ ಹೊಣೆ ನನಗೇ ಬಂತು. ಏಕೆ? ಮೀಟಿಂಗಿನಲ್ಲಿ ಜಗಳ ತೆಗೆಯುವವನಿಗೆ ಕೆಲಸ ಹಚ್ಚಿದರೆ ಬಾಯಿ ಮುಚ್ಚುತ್ತಾನೆ ಎಂಬ ಉಪಾಯ ಎಲ್ಲ ಆಡಳಿತಗಳಿಗೂ ಗೊತ್ತು. ಫೋಟೊ ತೆಗೆಯುವ ಕೆಲಸವನ್ನೂ ನಾನೇ ಮೈಮೇಲೆ ಎಳೆದುಕೊಂಡೆ. ಈ ವರ್ಷ ಶಾಲೆ ಬಿಡುವ ಕೊನೆಯ ತರಗತಿಯ ಪ್ರತಿ ಮಗುವಿನ ಹಿಂದೆಯೂ ಬಿಡುಗಡೆಯ ಆಕಾಶ ಕಾಣಬೇಕು ಎಂದು ಎಲ್ಲರನ್ನೂ ದೊಡ್ಡ ಕಿಟಕಿಗೆ ಬೆನ್ನು ಮಾಡಿ ನಿಲ್ಲಿಸಿ ತೆಗೆದೆ.

ಇನ್ನು ತಂತ್ರಾಂಶ. ಎರಡಿದ್ದವು. ಮಕ್ಕಳು ಒಂದಕ್ಕೆ ಸುಂದರಿ ಎಂದು ಹೆಸರಿಟ್ಟಿದ್ದರು. ಚೌಕಟ್ಟು, ಅಂಚಿನ ಬಳ್ಳಿ, ಅಕ್ಷರದ ಬಣ್ಣ ಎಲ್ಲವೂ ಅದರದೇ. ಫೋಟೊ ಹಾಕಿದರೆ ಸಾಕು, ಕೇಳದೆಯೇ ಮುಖವನ್ನು ನುಣುಪು ಮಾಡಿ ಬೆಳ್ಳಗೆ ಮಾಡಿಬಿಡುತ್ತದೆ. ಇನ್ನೊಂದು ಹಠಮಾರಿ. ಖಾಲಿ ಪುಟ ಕೊಟ್ಟು ಸುಮ್ಮನೆ ಕೂರುತ್ತದೆ. ಒಂದು ಗೆರೆ ಬೇಕೆಂದರೂ ನೀವೇ ಎಳೆಯಬೇಕು, ಫೋಟೊ ಹೇಗಿದೆಯೋ ಹಾಗೆಯೇ ಬರುತ್ತದೆ.

ಪರೀಕ್ಷೆಗೆಂದು ಸುಂದರಿಗೆ ಮೊದಲು ಹಾಕಿದ್ದು ಯಾರ ಫೋಟೊ? ನನ್ನದೇ. ಏನು ಹೇಳಲಿ ಸಭಿಕರೇ, ಕಣ್ಣ ಕೆಳಗಿನ ಚೀಲ ಹೋಯಿತು, ಮೆರವಣಿಗೆಗಳಲ್ಲಿ ತಿಂದ ಬಿಸಿಲೆಲ್ಲ ಹೋಯಿತು. "ಇದೇ ಇರಲಿ" ಎಂದುಬಿಟ್ಟೆ. ಪ್ರಜಾಪ್ರಭುತ್ವದ ಪಾಠ ಮಾಡುವವನು ಮಕ್ಕಳನ್ನು ಒಂದು ಮಾತೂ ಕೇಳಲಿಲ್ಲ. ಆ ಫೋಟೊವನ್ನು ಮೊಬೈಲಿಗೆ ಹಾಕಿಕೊಂಡು ಮನೆಗೆ ಹೋಗಿ ಹೆಂಡತಿಗೆ ತೋರಿಸಿದೆ.

"ಯಾರ್ರೀ ಇವ್ರು? ನಿಮ್ಮ ಕಡೆಯವ್ರಾ? ಪರವಾಗಿಲ್ಲ, ಲಕ್ಷಣವಾಗಿದಾರೆ" ಎಂದಳು.

ಆಗ ನನ್ನೊಳಗಿನ ಹೋರಾಟಗಾರ ಎದ್ದು ಕುಳಿತ. ಚಿಕ್ಕವನಿದ್ದಾಗ ಶಾಲೆಯ ಗ್ರೂಪ್ ಫೋಟೊ ದಿನ ನಮ್ಮಮ್ಮ ನನ್ನ ಮುಖಕ್ಕೆ ಪೌಡರು ಮೆತ್ತುತ್ತಿದ್ದಳು. ಅದು ಗದ್ದದ ಹತ್ತಿರ ಗೆರೆಯಾಗಿ ನಿಂತುಬಿಡುತ್ತಿತ್ತು. ಗೆರೆಯ ಮೇಲೊಬ್ಬ ಹುಡುಗ, ಕೆಳಗಿನ ಕುತ್ತಿಗೆ ಇನ್ನೊಬ್ಬನದು. ಬಣ್ಣದ ಬಗ್ಗೆ ನಾನು ಮಾಡಿದ ಭಾಷಣಗಳೆಲ್ಲ ಆ ಗೆರೆಯಿಂದಲೇ ಹುಟ್ಟಿದವು. ಅಂಥವನು ಒಂದು ಗುಂಡಿ ಒತ್ತಿದ್ದಕ್ಕೆ ಕರಗಿಹೋದೆನಲ್ಲ?

ಮರುದಿನ ಕಂಪ್ಯೂಟರ್ ಕೊಠಡಿಯಲ್ಲಿ ಗುಡುಗಿದೆ. ನಮ್ಮ ಮಕ್ಕಳ ಬಣ್ಣ ಕದಿಯಲು ಈ ಯಂತ್ರಕ್ಕೆ ಅಧಿಕಾರ ಕೊಟ್ಟವರು ಯಾರು ಎಂದು ಕೇಳಿದೆ. ಕೊಟ್ಟವನು ನಾನೇ ಎಂಬುದನ್ನು ಮಕ್ಕಳು ಮರ್ಯಾದೆಗೆ ಹೇಳಲಿಲ್ಲ. ಮೇಜು ಗುದ್ದಿದ್ದಕ್ಕೆ ಕೀಬೋರ್ಡು ನೆಲಕ್ಕೆ ಬಿತ್ತು. ಸುಂದರಿಯನ್ನು ಹೊರಗಟ್ಟಿ ಕೊನೆಯ ತರಗತಿಯ ಪುಟವನ್ನು ಹಠಮಾರಿಯಲ್ಲಿ ಜೋಡಿಸಿದೆವು. ಪರದೆಯ ಮೇಲೆ ಒಬ್ಬ ಹುಡುಗಿಯ ಫೋಟೊ ಮೇಲೆ ಬೆರಳಿಟ್ಟು, "ನೋಡಿ, ಇದು ನಮ್ಮ ಬಣ್ಣ, ಇದು ನಮ್ಮ ಸತ್ಯ" ಎಂದೆ.

ಆ ಹುಡುಗಿ ಅಲ್ಲೇ ಕುಳಿತಿದ್ದಳು.

"ಸಾರ್, ಅದು ಬರೀ ಕತ್ತಲು."

"ಅಂದ್ರೆ ಏನಮ್ಮಾ?"

"ನಾನು ಕಪ್ಪಗಿದೀನಿ ಅಂತ ನಂಗೊತ್ತು ಸಾರ್, ಅದಕ್ಕೇನೂ ಬೇಜಾರಿಲ್ಲ. ಆದ್ರೆ ಇದ್ರಲ್ಲಿ ನನ್ನ ಕಣ್ಣೆಲ್ಲಿದೆ, ಮೂಗೆಲ್ಲಿದೆ? ನೀವು ಕಿಟಕಿ ಮುಂದೆ ನಿಲ್ಸಿ ತೆಗೆದ್ರಿ. ಬೆಳ್ಳಗಿರೋರು ಹೇಗೋ ಕಾಣ್ತಾರೆ, ನಾವು ಕಾಣಲ್ಲ. ಸುಂದರಿಗೆ ಹಾಕಿದ್ರೆ ಇನ್ಯಾರೋ ಬರ್ತಾರೆ, ಹಠಮಾರಿಗೆ ಹಾಕಿದ್ರೆ ಯಾರೂ ಬರಲ್ಲ. ನಾನು ಈ ಶಾಲೆಲಿದ್ದೆ ಅನ್ನೋದಕ್ಕೆ ಇದೊಂದು ಫೋಟೊನೇ ಸಾರ್ ಇರೋದು."

ಸಭಿಕರೇ, ಪರದೆಯ ಹತ್ತಿರ ಹೋಗಿ ನೋಡಿದೆ. ಆಕಾಶ ಚೆನ್ನಾಗಿ ಬಂದಿತ್ತು. ಮಗು ಬಂದಿರಲಿಲ್ಲ.

ಅತ್ತ ಮುದ್ರಣಾಲಯದವರ ಫೋನು. "ಸಾರ್, ನಾಳೆ ಪುಟ ಬರ್ಲಿಲ್ಲ ಅಂದ್ರೆ ಮುಂದಿನ ವರ್ಷದ ಸಂಚಿಕೆಗೆ ಈಗಲೇ ಶುಭಾಶಯ ಹೇಳ್ಬಿಡ್ತೀನಿ" ಎಂದರು. ಕ್ಯಾಮೆರಾವನ್ನು ಆ ಹುಡುಗಿಯ ಕೈಗೆ ಕೊಟ್ಟೆ. ಅವಳು ಇಡೀ ತರಗತಿಯನ್ನು ಪಡಸಾಲೆಯ ನೆರಳಿಗೆ ಕರೆದೊಯ್ದು, ಅಂಗಳದ ಬೆಳಕಿಗೆ ಮುಖ ಮಾಡಿಸಿ, ಒಬ್ಬೊಬ್ಬರನ್ನೇ ತೆಗೆದಳು. ತನ್ನದನ್ನು ಗೆಳತಿಯಿಂದ ತೆಗೆಸಿ, ಒಪ್ಪಿಗೆಯಾಗದೆ ಮತ್ತೆ ಮತ್ತೆ ತೆಗೆಸಿದಳು. ನಾನು ಸಲಹೆ ಕೊಡಲು ಬಾಯಿ ತೆರೆದೆ. "ಸಾರ್, ನಿಮ್ಮ ನೆರಳು ಬೀಳ್ತಿದೆ, ಸ್ವಲ್ಪ ಆಚೆ ನಿಲ್ತೀರಾ" ಎಂದಳು. ನಿಂತೆ. ಆ ಫೋಟೊಗಳನ್ನು ಹಠಮಾರಿಯಲ್ಲೇ ಜೋಡಿಸಿ, ಗೆರೆಗಳನ್ನೆಲ್ಲ ಮಕ್ಕಳೇ ಎಳೆದು, ಪುಟ ಕಳಿಸಿದೆವು.

ಮುಂದಿನ ವರ್ಷ ಈ ಹೊಣೆ ಹೊರುವವರಿಗೆ ಒಂದೇ ಮಾತು. ತಂತ್ರಾಂಶ ಪರೀಕ್ಷಿಸುವಾಗ ಮೊದಲು ನಿಮ್ಮ ಮುಖ ಹಾಕಿ ನೋಡಬೇಡಿ. ಅದರಲ್ಲಿ ಅಳಿಸಿಹೋಗುವ ಮುಖ ಯಾರದೋ, ಅವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಆ ಹುಡುಗಿ ಈ ಸಭೆಯಲ್ಲಿದ್ದಾಳೆ. ಅವಳನ್ನು ಎಬ್ಬಿಸಿ ನಿಲ್ಲಿಸಿ ನಿಮ್ಮಿಂದ ಚಪ್ಪಾಳೆ ಹೊಡೆಸುವ ಆಸೆ ನಾಲಿಗೆಯ ತುದಿಯಲ್ಲಿದೆ. ಆದರೆ ಬೆಳಿಗ್ಗೆಯೇ ಬಂದು ಹೇಳಿದ್ದಾಳೆ: "ಭಾಷಣದಲ್ಲಿ ನನ್ನ ಎಬ್ಬಿಸ್ಬೇಡಿ ಸಾರ್. ನಿಮ್ಮ ಉದಾಹರಣೆ ಆಗೋಕೆ ನಂಗಿಷ್ಟ ಇಲ್ಲ. ಪುಟದಲ್ಲಿದೀನಲ್ಲ, ಅಲ್ಲೇ ನೋಡ್ಲಿ."

ಆದ್ದರಿಂದ ಅವಳಿರುವ ಕಡೆಗೆ ನಾನು ತಿರುಗಿಯೂ ನೋಡುತ್ತಿಲ್ಲ. ಗಡಿಯಾರ ನೋಡುವುದನ್ನು ಬಿಟ್ಟು ಈಗ ನನ್ನನ್ನೇ ದಿಟ್ಟಿಸುತ್ತಿರುವ ಮೇಡಂಗೆ, ಕಾದ ಮುದ್ರಕರಿಗೆ, ಗೆರೆ ಎಳೆದ ಮಕ್ಕಳಿಗೆ ವಂದನೆಗಳು. ಸಂಚಿಕೆ ಕೈಗೆ ಬಂದಾಗ ಕೊನೆಯ ತರಗತಿಯ ಪುಟ ತೆರೆಯಿರಿ. ಅವರೆಲ್ಲ ನಿಮ್ಮನ್ನು ನೇರವಾಗಿ ನೋಡುತ್ತಾರೆ. ನೀವೂ ನೋಡಿ. ನಮಸ್ಕಾರ.