ನೀರು ಜಾಸ್ತಿಯಾದ ಗಿಡ

ಕೊರಳಲ್ಲಿದ್ದ ಅಳತೆಯ ಟೇಪು ತೆಗೆಯಲು ಮರೆತೇ ಬಸ್ಸು ಹತ್ತಿದ್ದ ದರ್ಜಿಯ ಪಕ್ಕದ ಸೀಟಿನಲ್ಲಿ ಅಕ್ಕತಂಗಿಯರಿಬ್ಬರು ಮಡಿಲಲ್ಲಿ ಒಂದೊಂದು ಹೊಸ ಹೂಗಿಡದ ಕುಂಡ ಇಟ್ಟುಕೊಂಡು ಕೂತಿದ್ದರು.

“ಮತ್ತೆ ಗಿಡ ಸತ್ತೋಯ್ತೇನೇ?” ಎಂದಳು ಅಕ್ಕ.

“ನೀರು ಜಾಸ್ತಿಯಾಗಿ ಬೇರು ಕೊಳೆತೋಯ್ತಕ್ಕಾ.”

“ನಿನ್ನ ಗಂಡಂಗೆ ಬುದ್ಧಿ ಹೇಳಬಾರ್ದಾ?”

“ನೀರು ಹಾಕಿ ಅಂದಿದ್ದೇ ನಾನು. ಆಂಬುಲೆನ್ಸ್ ಓಡಿಸಿ ಬಂದೋರು ಮಕ್ಕಳ ಮೇಲೆ ರೇಗಾಡ್ತಿದ್ರು. ಮೊದಲು ಗಿಡಕ್ಕೆ ನೀರು ಹಾಕಿ, ಮನಸ್ಸು ತಣ್ಣಗಾದ್ಮೇಲೆ ಒಳಗೆ ಬನ್ನಿ ಅಂದೆ.”

“ಈಗ?”

“ರೇಗೋದು ನಿಂತಿದೆ. ದಾರೀಲೇ ಯಾರಾದ್ರೂ ತೀರ್ಕೊಂಡ ದಿನ ಮಾತ್ರ ನಲ್ಲಿ ನಿಲ್ಲಿಸೋದೇ ಇಲ್ಲ.”

ಅವರ ಸ್ಟಾಪು ಬಂತು. ದರ್ಜಿ ಕಾಲು ಸರಿಸಿ ದಾರಿ ಬಿಟ್ಟ. ಕುಂಡವನ್ನು ಎದೆಗವಚಿಕೊಂಡು ಇಳಿಯುತ್ತಾ ಅಕ್ಕ ಕೇಳಿದಳು:

“ಎರಡೇ ಗಿಡ ಸಾಕಾಗುತ್ತೇನೇ?”