ವಾಚು ನುಂಗಿದ ಅರವತ್ತು ಮೀಟರ್

ಮುಧೋಳ ಬಸ್ ನಿಲ್ದಾಣದಲ್ಲಿ ಜಮಖಂಡಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಓಟದ ಬೂಟು ತೊಟ್ಟ ಇಬ್ಬರು ತರುಣರಿದ್ದರು. ಪೊಲೀಸ್ ನೌಕರಿಯ ಓಟಕ್ಕೆ ತಯಾರಿ ನಡೆಸಿದವರೆಂದು ಮಾತಿನಿಂದ ತಿಳಿಯಿತು. ಅವರಲ್ಲೊಬ್ಬ, ಮಲ್ಲಿನಾಥ, ಮಣಿಕಟ್ಟಿನ ಸ್ಮಾರ್ಟ್ ವಾಚು ಬಿಚ್ಚಿ ಗೆಳೆಯ ಪ್ರಭುಲಿಂಗನ ಕೈಗಿಟ್ಟ.

“ತಗೋ ಪ್ರಭು, ನಿಮ್ಮ ಮಾವ ಕೊಡಿಸಿದ ವಾಚು. ಪರೀಕ್ಷಾ ಮಾಡೇನಿ. ಸುಳ್ಳು ಹೇಳತೈತಿ.”

“ಏನ ಸುಳ್ಳು?”

“ಸಾಲಿ ಗ್ರೌಂಡಿನ್ಯಾಗ ಟೇಪ್ ಹಿಡದು ಅಳದು ಓಡಿದೆ. ಸಾವಿರದಾ ಆರನೂರು ಮೀಟರ್ ಮುಗೀತು ಅಂತ ಇದು ತೋರಿಸಿದಾಗ ಇನ್ನೂ ಅರವತ್ತು ಮೀಟರ್ ಬಾಕಿ ಇತ್ತು.”

“ಅಂದ್ರ ಇದರಾಗ ಬಂದ ನನ್ನ ಟೈಮು?”

“ಅದೂ ಖರೆ ಅಲ್ಲ.”

“ನಿನಗ ಹೊಟ್ಟಿಕಿಚ್ಚು ಲೇ.”

“ಹೌದು, ಐತಿ. ಅದನ್ನ ನಂಬಿ ನೀ, ‘ಈ ಮಲ್ಯಾನ್ನ ಹಿಂದ ಹಾಕೇನಿ’ ಅಂತ ಎಲ್ಲಾರ ಮುಂದ ಹೇಳಿದಿ. ಭಾಳ ಸಂಕಟ ಆತು.”

“ನಿದ್ದಿ ಲೆಕ್ಕಾ ಆದ್ರೂ ಬರೋಬ್ಬರಿ ಐತೇನು?”

“ಅದೂ ಇಲ್ಲ. ಏಳು ತಾಸು ಮಲಗೀನಿ ಅಂತ ತೋರಸತೈತಿ. ನಾ ಅಳ್ಳಾಡದಂಗ, ಕಣ್ಣ ತೆರಕೊಂಡು ಬಿದ್ದಿದ್ದೆ.”

“ಯಾಕ?”

“ನಿನಗ ಹೇಳಲೋ ಬ್ಯಾಡೋ ಅಂತ. ಸುಮ್ಮನಿದ್ದಿದ್ರ ಸೋಮವಾರದ ಓಟದಾಗ ನೀ ಫೇಲ್ ಆಗತಿದ್ದಿ.”

ಪ್ರಭುಲಿಂಗ ವಾಚನ್ನು ಕಟ್ಟಿಕೊಳ್ಳದೆ ಜೇಬಿಗೆ ಹಾಕಿದ. ಅಷ್ಟರಲ್ಲಿ ಲೋಕಾಪುರದ ಬಸ್ ಬಂತು. ಇಬ್ಬರೂ ಎದ್ದರು.

“ಇನ್ನಾ ನಾಕು ದಿನ ಐತಿ. ಸಂಜಿಗೆ ಗ್ರೌಂಡಿಗೆ ಬರತಿಯೇನು?” ಎಂದು ಪ್ರಭುಲಿಂಗ ಕೇಳಿದ.

“ಬರತೇನಿ. ಆದ್ರ ನಿನ್ನ ಮುಂದ ಹೋಗಾಕ ಬಿಡಾಂಗಿಲ್ಲ,” ಎನ್ನುತ್ತ ಮಲ್ಲಿನಾಥ ಅವನಿಗಿಂತ ಮೊದಲೇ ಬಸ್ ಹತ್ತಿದ.