ನಾಲ್ಕನೇ ಬೀದಿಯ ಲಕೋಟೆ

ಹೆದರಿಕೆಗೇ ನನ್ನನ್ನು ಕಂಡರೆ ಹೆದರಿಕೆ, ನಿಮಗೆಲ್ಲ ಗೊತ್ತಲ್ಲ. ಆದರೆ ಇದು ನನ್ನ ದೊಡ್ಡಪ್ಪನ ಮಗನಿಗೆ ಆದದ್ದು. ಕತ್ತಲಾದ ಮೇಲೆ ಆಲದ ಮರ ದಾಟಿ ಪಾಳುಬಾವಿ ಹತ್ತಿರ ಬಂದಿದ್ದ, ಒಬ್ಬನೇ. ಜೇಬಲ್ಲಿ ಕದ್ದ ಲಕೋಟೆ...

ಕದ್ದದ್ದು ಹೊಟ್ಟೆಕಿಚ್ಚಿಗೆ. ನಕ್ಷೆ ಕಚೇರಿಯಲ್ಲಿ ಇವನದೂ ಇವನ ಷಡ್ಡಕನದೂ ಎದುರುಬದುರು ಮೇಜು. ಮುಖ್ಯ ನಕ್ಷೆಗಾರನ ಕುರ್ಚಿ ಮಾತ್ರ ಒಂದೇ. ಮನೆಯಲ್ಲಿ ಹೆಂಡತಿ ದಿನಾ ಚುಚ್ಚುತ್ತಿದ್ದಳು: "ತಂಗಿ ಗಂಡನಿಗೆ ಕುರ್ಚಿಯಂತೆ. ನಿಮಗೆ ಹೊಸ ರಬ್ಬರಾದರೂ ಕೊಡ್ತಾರೇನ್ರೀ?"

ಹಳೇ ನಕ್ಷೆಯಲ್ಲಿ ಆ ಬಾವಿ ಪಕ್ಕ ಒಂದು ಹೆಸರಿತ್ತು. ಬರೀ ಬಯಲಾದರೆ ಓರೆ ಅಕ್ಷರ, ಪಟ್ಟಣವಾದರೆ ನೆಟ್ಟಗಿನ ಅಕ್ಷರ. ಅದು ಕಚೇರಿಯ ಪದ್ಧತಿ. ಷಡ್ಡಕ ಪಟ್ಟಣವೇ ಅಂತ ಹಟ ಹಿಡಿದ. ಕಡತದ ರಾಶಿಯಿಂದ ಒಂದು ಹಳೇ ಲಕೋಟೆ ಹೆಕ್ಕಿ ತಂದ. ಮೇಲೆ ಅದೇ ಹೆಸರು, 'ನಾಲ್ಕನೇ ಬೀದಿ' ಅಂತ ವಿಳಾಸ. ಒಡೆಯದ ಅಂಟು, ಒಳಗೆ ಮಡಿಸಿದ ಕಾಗದ.

ಸಾಹೇಬರು ಲಕೋಟೆಯ ಹಿಂಬದಿ ತಿರುಗಿಸಿ ನೋಡಿದರು. "ಅಲ್ಲಿನ ಅಂಚೆ ಮೊಹರೇ ಇಲ್ಲವಲ್ಲ. ಮೊಹರಿದ್ದರೆ ಪಟ್ಟಣ, ಕುರ್ಚಿ ನಿನ್ನದು. ಇರಲಿ, ಇವನು ಹೋಗಿ ಜಾಗ ಅಳೆದು ಬರಲಿ," ಅಂತ ನಮ್ಮವನನ್ನು ಕಳಿಸಿದರು.

ಇಡೀ ದಿನ ಅಳತೆ ಸರಪಳಿ ಎಳೆದ. ಒಂದು ಇಟ್ಟಿಗೆಯೂ ಸಿಗಲಿಲ್ಲ. ಖುಷಿಯೋ ಖುಷಿ! 'ಪಟ್ಟಣವಲ್ಲ' ಅಂತ ಬರೆದ. ಷಡ್ಡಕನ ಮೇಜಿಂದ ಎಗರಿಸಿದ್ದ ಲಕೋಟೆಯನ್ನು ಬಾವಿಗೆ ಎಸೆದರೆ ಮುಗೀತು, ಅಂತ ಕೈ ಎತ್ತಿದ.

ಪಚ್... ಠಪ್.

ಕೈ ಅಲ್ಲೇ ನಿಂತಿತು. ಪಚ್ ಅಂದರೆ ಮೊಹರನ್ನು ಶಾಯಿಮೆತ್ತೆಗೆ ಒತ್ತಿದ ಸದ್ದು. ಠಪ್ ಅಂದರೆ ಕಾಗದದ ಮೇಲೆ ಕುಟ್ಟಿದ್ದು. ಕಚೇರಿಯವನು, ತಪ್ಪು ತಿಳಿಯುತ್ತಾನಾ?

"ಯಾವ ಬೀದಿ?" ಕಿವಿ ಪಕ್ಕ ಪಿಸುಮಾತು.

ಕೇಳಿದ್ದಕ್ಕೆ ಉತ್ತರ ಕೊಡುವುದು ನೌಕರಿಯ ಚಟ ನೋಡಿ. "ನಾ... ನಾಲ್ಕನೇದು."

"ಬಹಳ ತಡ ಮಾಡಿದ್ರಿ..."

ಬೆರಳಿಂದ ಲಕೋಟೆ ಜಾರಿತು. ಪಚ್... ಠಪ್. ಮತ್ತೆ ಬೆರಳಿಗೇ ಬಂತು. ಹಗುರವಾಗಿ...

ಓಡಿದ ನೋಡಿ! ಸರಪಳಿ ಅಲ್ಲೇ, ಚಪ್ಪಲಿ ಅಲ್ಲೇ. ನಾನಾಗಿದ್ದರೆ ನಿಂತು ರಸೀದಿ ಕೇಳುತ್ತಿದ್ದೆ.

ಮನೆಗೆ ಬಂದು ದೀಪಕ್ಕೆ ಹಿಡಿದ. ಲಕೋಟೆಯ ಹಿಂದೆ ದುಂಡನೆ ಮೊಹರು, ಸುತ್ತ ಆ ಹೆಸರು. ಷಡ್ಡಕನಿಗೆ ಬೇಕಾಗಿದ್ದ ಸಾಕ್ಷಿ ಇವನ ಕೈಯಲ್ಲೇ ಕೂತಿತ್ತು!

"ಕೊಟ್ಟುಬಿಡ್ರೀ," ಅಂದಳು ಹೆಂಡತಿ, ಹೆದರಿ.

"ಸುಮ್ನಿರೇ! ಕೊಟ್ಟು, ಅವನು ಕುರ್ಚೀಲಿ ಕೂರೋದನ್ನ ನಾನು ನೋಡಬೇಕಾ?"

ಕೊಡಲಿಲ್ಲ. ಹೆಸರು ಓರೆಯಾಗಿಯೇ ಅಚ್ಚಾಯಿತು. ಕುರ್ಚಿ ಇವನಿಗೇ ಬಂತು. ಷಡ್ಡಕ ಆಮೇಲೆ ಇವನ ಜೊತೆ ಮಾತಾಡಲಿಲ್ಲ. ಇವನೂ ಆ ಕುರ್ಚಿಯಲ್ಲಿ ಒಂದು ದಿನವೂ ನೆಮ್ಮದಿಯಾಗಿ ಕೂರಲಿಲ್ಲ.

ಸುಳ್ಳು ಅಂತೀರಾ? ಲಕೋಟೆ ನಾನೇ ನೋಡಿದ್ದೀನಿ. ಹಾಡುಹಗಲು, ಕನ್ನಡಕ ಹಾಕಿಕೊಂಡು, ಪಕ್ಕದಲ್ಲಿ ನಿಮ್ಮತ್ತೆಯನ್ನು ಕೂರಿಸಿಕೊಂಡು. ಅವಳಿಗೆ ಭಯ, ಅದಕ್ಕೆ. ಮೊಹರಿನ ತಾರೀಖು ಅವನು ಬಾವಿಗೆ ಹೋದ ದಿನದ್ದೇ. ಅಂಟು ಹಾಗೇ ಇದೆ, ಎಲ್ಲೂ ಹರಿದಿಲ್ಲ. ಬಿಸಿಲಿಗೆ ಹಿಡಿದೂ ನೋಡಿದೆ.

ಒಳಗೆ ಮಾತ್ರ ಕಾಗದವಿಲ್ಲ.